ಏಳನೇ ಕಂಬದ ಕೆಳಗೆ

ಹೊರಗಿನಿಂದ ಬೀಗ ಬಿದ್ದ ಮೇಲೆಯೇ ಆಟ ಶುರುವಾಗುವುದು. ಮೊದಲು ಬೀಗ, ಆಮೇಲೆ ಸೀಟಿ. ಇದು ಒಂದು ದಿನವೂ ಹಿಂದುಮುಂದಾದದ್ದಿಲ್ಲ.

ಒಳಗೆ ಆರು ಜನ ಹೆಂಗಸರು. ಜೊತೆಗೆ ಬಕೆಟ್ಟು, ಪೊರಕೆ, ಫಿನಾಯಿಲ್ ಡಬ್ಬ, ಎರಡು ಕಸದ ತಳ್ಳುಗಾಡಿ. ನಡುವೆ ಒಂದು ದಪ್ಪ ಕಂಬ. ಕಿಟಕಿ ಇಲ್ಲ. ಟ್ಯೂಬ್‌ಲೈಟು ಒಂದಿದೆ, ಅದು ಮನಸ್ಸು ಬಂದರೆ ಉರಿಯುತ್ತದೆ. ಚಾವಣಿ ಸಪಾಟಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಯಾಕೆಂದರೆ ಅದು ಚಾವಣಿಯೇ ಅಲ್ಲ, ಫುಟ್‌ಬಾಲ್ ಮೈದಾನದ ಪೂರ್ವದ ಗ್ಯಾಲರಿಯ ಅಡಿಭಾಗ. ಮೇಲೆ ದುಡ್ಡು ಕೊಟ್ಟವರು ಕೂತು ಆಟ ನೋಡುತ್ತಾರೆ. ಅವರು ಚೆಲ್ಲಿದ್ದನ್ನು ಬಳಿಯಬೇಕಾದವರು ಕೆಳಗೆ ಬಕೆಟ್ ಬೋರಲು ಹಾಕಿಕೊಂಡು ಕೂತು ಆಟ ಮುಗಿಯುವುದನ್ನು ಕಾಯುತ್ತಾರೆ.

ಈ ಎರಡು ಗಂಟೆಗೆ ಕೂಲಿ ಇಲ್ಲ. ಕೂತಿದ್ದಕ್ಕೆಲ್ಲ ಯಾರಮ್ಮ ಕೂಲಿ ಕೊಡ್ತಾರೆ ಎನ್ನುತ್ತಾನೆ ಸೂಪರ್‌ವೈಸರ್. ಹಾಗಾದರೆ ಹೊರಗೆ ಬಿಡಿ, ಒಂದು ಚಹಾ ಕುಡಿದಾದರೂ ಬರುತ್ತೇವೆ ಎಂದರೆ ಅದೂ ಇಲ್ಲ. ಒಮ್ಮೆ ಅವರಲ್ಲೊಬ್ಬಳು, ಮೆಣಸಿನಕಾಯಿ, ಕೇಳಿದ್ದಳು, "ಬೆಂಕಿ ಬಿದ್ರೆ ನಾವೇನ್ ಮಾಡೋದು ಸಾರ್?" ಬಾಯಿ ಖಾರ ಇರುವ ಕಾರಣಕ್ಕೆ ಅವಳಿಗೆ ಆ ಹೆಸರು. "ಬೀಳಲ್ಲ ಬಿಡಮ್ಮ" ಎಂದು ಅವನು ಬೀಗ ಹಾಕಿದ. ಬೆಂಕಿಯ ಹತ್ತಿರ ಮಾತಾಡಿಕೊಂಡು ಬಂದವನ ಹಾಗೆ ಹೇಳಿದ.

ಈ ಬೀಗ ಮೊದಲು ಇರಲಿಲ್ಲ. ಬಂದದ್ದು ಈ ಆರು ಜನರಲ್ಲೊಬ್ಬಳಾದ ರೇಡಿಯಕ್ಕನಿಂದ. ಹೋದ ವರ್ಷ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ಮಧ್ಯಾಹ್ನ ಮೆಲ್ಲಗೆ ಕೋಣೆಯಿಂದ ಹೊರಬಿದ್ದು ಮೆಟ್ಟಿಲ ಬಾಯಿಯ ತನಕ ಹತ್ತಿ ಹೋಗಿ, ಗೋಡೆಗೆ ಅಂಟಿಕೊಂಡು ನಿಂತು ಆಟ ನೋಡಿದಳು. ನೋಡಿದ್ದು ಮೂರೇ ನಿಮಿಷ. ಕಂಡದ್ದು ಮೈದಾನದ ಒಂದು ಮೂಲೆ, ಒಂದು ಕಾರ್ನರ್ ಕಿಕ್ಕು, ಅಷ್ಟೇ. ಕಾವಲಿನವನು ತೋಳು ಹಿಡಿದು ಎಳೆದುಕೊಂಡು ಬಂದ. ಸೂಪರ್‌ವೈಸರ್ ಎಲ್ಲರೆದುರು ಕೇಳಿದ. "ಮೇಲೆ ಕೂತೋರು ದುಡ್ಡು ಕೊಟ್ಟು ನೋಡ್ತಾರೆ. ನೀನು ಪುಕ್ಕಟೆ ನೋಡಿದೆ. ಇದಕ್ಕೆ ಏನಂತಾರೆ?" ಅವಳು ಕಾವಲಿನವನು ಹಿಡಿದೆಳೆದ ತೋಳು ಉಜ್ಜಿಕೊಂಡಳು. "ಕಳ್ಳತನ ಅಂತಾರೆ. ಹೇಳು." ಅವಳ ಬಾಯಿಂದಲೇ ಹೇಳಿಸಿದ. ಅವಳಿಗೆ ಐವತ್ತೊಂದು ವರ್ಷ. ಇಸ್ಕೂಲಿನ ಮಗುವಿನ ಹಾಗೆ ಕೈಕಟ್ಟಿ ನಿಂತು "ಕಳ್ಳತನ" ಎಂದಳು. ಅರ್ಧ ದಿನದ ಕೂಲಿ ಹೋಯಿತು. ಮುಂದಿನ ಆಟಕ್ಕೆ ಬಾಗಿಲಿಗೆ ಬೀಗ ಬಂತು.

"ಕದಿಯೋದೇ ಕದ್ದೆ, ಒಂದು ಗೋಲಾದ್ರೂ ಕದ್ಕೊಂಡು ಬರಬಾರದಿತ್ತಾ?" ಎಂದು ಮೆಣಸಿನಕಾಯಿ ಇವತ್ತಿಗೂ ರೇಗಿಸುತ್ತಾಳೆ.

ರೇಡಿಯಕ್ಕ ಎಂಬ ಹೆಸರು ಬಂದದ್ದು ಬೀಗ ಬಿದ್ದ ಮೇಲೆ. ಕಣ್ಣಿಗೆ ಆಟ ಇಲ್ಲದಿದ್ದರೇನು, ಅವಳಿಗೆ ಕಿವಿಯಿತ್ತು. ಬಕೆಟ್ಟಿನ ಮೇಲೆ ಕೂತು, ತಲೆ ಮೇಲೆತ್ತಿ, ಮೇಲಿನ ಕಾಲುಗಳ ಸದ್ದು ಕೇಳಿ ಅವಳು ಆಟ ಹೇಳುತ್ತಿದ್ದಳು. ಕಾಲುಗಳು ಒಂದೇ ಸಮ ಗುಡುಗಿದರೆ ಚೆಂಡು ನಮ್ಮವರ ಕಾಲಲ್ಲಿದೆ. ಗುಡುಗು ಏರಿ ಏರಿ ತಟ್ಟನೆ ನಿಂತರೆ ಗೋಲ್‌ಕೀಪರನ ಕೈಗೆ ಸಿಕ್ಕಿತು. ಅಲ್ಲಲ್ಲಿ ಬಿಡಿಬಿಡಿಯಾಗಿ ಹಿಮ್ಮಡಿ ಬಡಿದರೆ ಫೌಲು, ರೆಫರಿ ಕಂಡಿಲ್ಲ. ಎಲ್ಲ ಕಾಲು ಒಟ್ಟಿಗೆ ನೆಲ ಬಿಟ್ಟು ಒಟ್ಟಿಗೆ ಬಿದ್ದರೆ ಗೋಲು. ಆಗ ಚಾವಣಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು. ಹೆಂಗಸರು ತಲೆ ಕೊಡವಿಕೊಂಡು ನಗುತ್ತಿದ್ದರು.

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅವಳಪ್ಪನನ್ನು ಎಲ್ಲರೂ ಗಾರೆ ಮೇಸ್ತ್ರಿ ಎನ್ನುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಇದೇ ಗ್ಯಾಲರಿಗೆ ಕಾಂಕ್ರೀಟು ಹೊತ್ತವನು. ತಲೆಯ ಮೇಲೆ ಬಾಣಲೆ, ಕಾಲ ಕೆಳಗೆ ಅಲುಗುವ ಹಲಗೆ, ಬೆಳಗಿನಿಂದ ಸಂಜೆಯ ತನಕ. ಕಟ್ಟಿ ಮುಗಿದ ಮೇಲೆ ಅದರ ಏಳನೇ ಕಂಬದ ಪಕ್ಕ ನಿಂತು ಆಟ ನೋಡಿದ. ಮುಂದಿನ ವಾರ ಮತ್ತೆ ಬಂದ. ಹೀಗೆ ನಲವತ್ತು ವರ್ಷ. ಅಲ್ಲಿ ಕುರ್ಚಿ ಇರಲಿಲ್ಲ. ನಿಂತು ನೋಡುವ ಗ್ಯಾಲರಿ. ಒಂದು ಸಿನಿಮಾ ಟಿಕೆಟ್ಟಿನಷ್ಟೂ ಇರಲಿಲ್ಲ ರೇಟು. ದರ್ಜಿ, ಪೇಂಟರ್, ಬಸ್ ತೊಳೆಯುವವನು, ಹೊರೆ ಹೊರುವವರು, ಎಲ್ಲ ಕೆಲಸದ ಬಟ್ಟೆಯಲ್ಲೇ ಬರುತ್ತಿದ್ದರು. ಮೇಸ್ತ್ರಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಆ ಗ್ಯಾಲರಿಗೆ ತನ್ನದೇ ಒಂದು ಪೆಟ್ಟಿತ್ತು. ಎರಡು ಸಲ ಹಿಮ್ಮಡಿ, ಒಂದು ಸಲ ಚಪ್ಪಾಳೆ. ಧಡ್, ಧಡ್, ಚಟ್. ಸಾವಿರ ಜನ ಹಾಗೆ ಬಡಿದರೆ ಎದುರು ತಂಡದವರಿಗೆ ಚೆಂಡು ಕಾಲಿಗೆ ನಿಲ್ಲುತ್ತಿರಲಿಲ್ಲ.

"ಕಾಂಕ್ರೀಟು ಎಲ್ಲಾನೂ ನೆನಪಿಟ್ಕೊಳ್ತದೆ ಕಣಮ್ಮ" ಎನ್ನುತ್ತಿದ್ದ ಅಪ್ಪ. "ಕಿವಿ ಇಟ್ಟು ಕೇಳು. ಯಾರ ಕಾಲು ಯಾವುದು ಅಂತ ಹೇಳ್ತದೆ."

ಆಮೇಲೆ ಕುರ್ಚಿ ಬಂದವು. ನೀಲಿ ಪ್ಲಾಸ್ಟಿಕ್ಕಿನವು, ಬೆನ್ನಿಗೆ ನಂಬರು. ಸೌಕರ್ಯಕ್ಕೆ ಎಂದರು. ಟಿಕೆಟ್ಟಿನ ದರ ದುಪ್ಪಟ್ಟಾಯಿತು. ಮರುವರ್ಷ ಮತ್ತೆ ಏರಿತು. ಏರಿದ್ದು ಟಿಕೆಟ್ಟೊಂದೇ ಆಗಿದ್ದರೆ ಹೊಟ್ಟೆ ಕಟ್ಟಿಯಾದರೂ ಕೊಡುತ್ತಿದ್ದರು. ಬಾಡಿಗೆ ಏರಿತು, ಬಸ್ಸು ಏರಿತು, ಸಿಲಿಂಡರು ಏರಿತು, ಎಣ್ಣೆ ಏರಿತು, ಕೂಲಿಯೊಂದು ಮಾತ್ರ ಹೂತ ಗೂಟದ ಹಾಗೆ ಇದ್ದಲ್ಲೇ ಇತ್ತು. ಮೊದಲು ದರ್ಜಿ ನಿಂತ. ಆಮೇಲೆ ಪೇಂಟರ್. ಯಾರೂ ಹೋಗುತ್ತೇನೆ ಎಂದು ಹೇಳಿ ಹೋಗಲಿಲ್ಲ. ಒಂದು ವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಮೇಸ್ತ್ರಿ ಬಸ್ಸು ಬಿಟ್ಟು ನಡೆದು ಬಂದ. ಮಧ್ಯಾಹ್ನದ ಊಟ ಬಿಟ್ಟು ಬಂದ. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಎಡಗಾಲು ಎಳೆಯುವ ಹಾಗಾದ ಮೇಲೂ ಬಂದ. ಕೊನೆಗೆ ಮಂಡಿಯ ಮಾತ್ರೆ ಬಿಟ್ಟು ಬರತೊಡಗಿದಾಗ ಮಗಳಿಗೆ ಗೊತ್ತಾಗಿ ಜಗಳವಾಯಿತು. ಈಗ ಒಂದು ಟಿಕೆಟ್ಟಿಗೆ ಅವಳ ಒಂಬತ್ತು ದಿನದ ಕೂಲಿ ಬೇಕು. ಅವನು ಹಸಿರು ಮಫ್ಲರನ್ನು ಮಡಿಸಿ ಪೆಟ್ಟಿಗೆಗೆ ಹಾಕಿದ. "ಟಿವಿಲಿ ಚೆನ್ನಾಗಿ ಕಾಣ್ತದಂತೆ ಬಿಡು" ಎಂದ. ಟಿವಿಯಲ್ಲೂ ಆ ಚಾನೆಲ್ಲಿಗೆ ಬೇರೆ ದುಡ್ಡು ಕಟ್ಟಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಆಟದ ದಿನ ಅವನು ಮೈದಾನದ ಹೊರಗೋಡೆಯ ಹತ್ತಿರದ ಬಸ್‌ಸ್ಟಾಪಿನಲ್ಲಿ ಹೋಗಿ ಕೂರುತ್ತಿದ್ದ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವನು ಹತ್ತುತ್ತಿರಲಿಲ್ಲ. ಗೋಡೆಯ ಈಚೆ ಅಪ್ಪ, ಗ್ಯಾಲರಿಯ ಅಡಿಯಲ್ಲಿ ಮಗಳು. ಸಂಜೆ ಮನೆಯಲ್ಲಿ ಇಬ್ಬರೂ ತಾವು ಕೇಳಿದ್ದನ್ನು ಸೇರಿಸಿ ಒಂದು ಆಟ ಮಾಡಿಕೊಳ್ಳುತ್ತಿದ್ದರು.

ಅವಳು ಈ ವರ್ಷವೂ ಈ ಕೆಲಸದಲ್ಲೇ ಉಳಿದದ್ದು ಬೇರೆ ಸಿಗದೆ ಅಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇದಕ್ಕಿಂತ ಒಂದಿಷ್ಟು ಹೆಚ್ಚೇ ಕೊಡುತ್ತಿದ್ದರು. ಸೂಪರ್‌ವೈಸರ್ ಒಂದು ಮಾತು ಕೊಟ್ಟಿದ್ದ. ಈ ಸೀಸನ್ನಿನಲ್ಲಿ ಒಂದೂ ರಜೆ ಹಾಕದವರಿಗೆ ಕೊನೆಯ ಆಟಕ್ಕೆ ಒಂದೊಂದು ಪಾಸು, ಮನೆಯವರು ಯಾರಾದರೂ ಬಂದು ನೋಡಬಹುದು. ಆ ಒಂದು ಪಾಸಿಗೆ ಅವಳು ಹದಿನೆಂಟು ಆಟ ದುಡಿದಳು. ಬೆಳಗ್ಗೆ ಆರು ಜನ ಸೇರಿ ನಾಲ್ಕು ಸಾವಿರ ಕುರ್ಚಿ ಒರೆಸುವುದು. ಆಟ ಮುಗಿದ ಮೇಲೆ ಅದೇ ನಾಲ್ಕು ಸಾವಿರ ಕುರ್ಚಿಗಳ ಸಂದಿಯಲ್ಲಿ ಬಗ್ಗಿ ಗುಡಿಸುವುದು. ಬಿಯರು, ಪಾಪ್‌ಕಾರ್ನು, ವಾಂತಿ, ಒಮ್ಮೊಮ್ಮೆ ಮಗುವಿನ ಡಯಾಪರ್. ಕುರ್ಚಿಯಡಿ ಅಂಟಿಸಿದ ಚ್ಯೂಯಿಂಗ್ ಗಮ್ಮನ್ನು ಕೆರೆಯಲು ಒಂದು ಅಗಲ ಬಾಯಿಯ ಉಳಿ ಕೊಟ್ಟಿದ್ದರು. ಅದನ್ನು ಹಿಡಿದು ಹಿಡಿದು ಅವಳ ಬಲಗೈ ಹೆಬ್ಬೆರಳು ರಾತ್ರಿ ಮಡಿಚಿದರೆ ಬೆಳಗ್ಗೆ ಬಿಸಿನೀರಿನಲ್ಲಿ ಬಿಡಿಸಬೇಕಿತ್ತು. ಜ್ವರದಲ್ಲಿ ಬಂದಳು. ಸೊಂಟ ಹಿಡಿದಾಗ ಪಟ್ಟಿ ಕಟ್ಟಿಕೊಂಡು ಬಂದಳು. ಅಕ್ಕ ತೀರಿಕೊಂಡಾಗ ಮಣ್ಣಿಗೆ ಹೋಗಿ ಅಲ್ಲಿಂದಲೇ ಬಂದಳು. ಏಳನೇ ಕಂಬದ ಪಕ್ಕದ ಕುರ್ಚಿಯನ್ನು ಮಾತ್ರ ಎರಡು ಸಲ ಒರೆಸುತ್ತಿದ್ದಳು.

ಈ ಸೀಸನ್ನಿನ ನಡುವೆ ಒಂದು ದಿನ ಅವಳ ಕಿವಿ ಕೈಕೊಟ್ಟಿತು.

ಆವತ್ತು ದೊಡ್ಡ ತಂಡವೊಂದರ ಜೊತೆ ಆಟ. ಅರ್ಧ ಆಟ ಮುಗಿದರೂ ಚಾವಣಿ ಮಂಕಾಗಿತ್ತು. ಈ ಸೀಸನ್ನಿನಲ್ಲಿ ಮೇಲಿನವರು ಕಾಲು ಬಡಿಯುವುದೇ ಕಡಿಮೆಯಾಗಿತ್ತು. ಕೂತಲ್ಲೇ ಕೂತಿರುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕಾಲುಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಸುಣ್ಣ ಉದುರಿತು.

"ಗೋಲು!" ಎಂದು ರೇಡಿಯಕ್ಕ ಬಕೆಟ್ಟಿನಿಂದ ಹಾರಿದಳು. "ನಮ್ದೇ ಕಣ್ರೇ! ನಮ್ದೇ!"

ಆರು ಜನವೂ ಕೈ ಹಿಡಿದು ಕುಣಿದರು. ಮೆಣಸಿನಕಾಯಿ ಪೊರಕೆ ಎತ್ತಿ ಆಡಿಸಿದಳು. ಫುಟ್‌ಬಾಲ್ ಎಂದರೆ ಏನೆಂದೇ ತಿಳಿಯದ ಹೊಸಬಳು, ಮೂರು ತಿಂಗಳ ಹಿಂದಷ್ಟೇ ಗಂಡ ಸತ್ತು ಕೆಲಸಕ್ಕೆ ಬಂದವಳು, ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಳು. ಸಂಜೆ ಬೀಗ ತೆಗೆದ ಸೂಪರ್‌ವೈಸರ್ ಇವರ ಮುಖ ನೋಡಿ ಹುಬ್ಬು ಗಂಟಿಕ್ಕಿದ.

"ಸೋತಿದ್ದಕ್ಕೆ ಇಷ್ಟು ಖುಷೀನಾ?"

ಗೋಲು ಹೊಡೆದದ್ದು ಎದುರಿನವರು. ಕುಣಿದದ್ದು ಎದುರು ತಂಡದ ಕಡೆಯವರು. ಪೂರ್ವದ ಗ್ಯಾಲರಿಯ ಟಿಕೆಟ್ಟುಗಳನ್ನು ಬೇರೆ ಊರಿನಿಂದ ಕಾರು ಮಾಡಿಕೊಂಡು ಬಂದವರು ಕೊಂಡುಕೊಂಡಿದ್ದರು. ಕೊಳ್ಳಬೇಕಾದವರ ಕೈಯಲ್ಲಿ ಕಾಸಿರಲಿಲ್ಲ. ನಮ್ಮ ಗ್ಯಾಲರಿಯಲ್ಲಿ ನಿಂತು, ನಮ್ಮಪ್ಪ ಹೊತ್ತ ಕಾಂಕ್ರೀಟಿನ ಮೇಲೆ, ನಮ್ಮ ಸೋಲಿಗೆ ಕುಣಿದಿದ್ದರು. ಅವಳು ಆ ಕುಣಿತಕ್ಕೆ ಕೆಳಗಿಂದ ತಾಳ ಹಾಕಿದ್ದಳು. ಸಂಜೆ ಗುಡಿಸುವಾಗ ಅವಳಿಗೆ ಕೈ ಓಡಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ಅವನು ಮಂಡಿ ನೀವಿಕೊಂಡ.

"ನಿನ್ನ ಕಿವಿಗೇನಾಗಿಲ್ಲ ಮಗಳೇ" ಎಂದ. "ಕಾಲುಗಳೇ ಬೇರೆ ಆಗಿವೆ."

ಆಮೇಲೆ ಕೇಳಿದ. "ಆ ಪಾಸು... ಕೊಡ್ತಾನಂತಾ ಅವ್ನು?"

"ಕೊಡ್ದೇ ಇರ್ತಾನಾ? ಬಾಯಿ ಬಿಟ್ಟು ಹೇಳಿದಾನೆ."

"ಒಂದೇ ಒಂದ್ಸಲ ಕಣಮ್ಮ. ಆ ಕಂಬದ ಹತ್ರ. ಆಮೇಲೆ ಬೇಡ ಅಂದ್ರೆ ಬೇಡ."

ಅಪ್ಪ ಅವಳ ಹತ್ತಿರ ಏನನ್ನೂ ಕೇಳಿದವನಲ್ಲ.

ಕೊನೆಯ ಆಟದ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಆಟ. ಸಂಜೆ ಏಳಕ್ಕೆ ಅದೇ ಗ್ಯಾಲರಿಯ ಮುಂದೆ ಪ್ರಾಯೋಜಕರಿಗೆ ಔತಣ, ದೀಪ, ಮೇಜು, ಟಿವಿಯವರು. ಅಪ್ಪ ಬೆಳಗ್ಗೆಯೇ ಗಡ್ಡ ಬೋಳಿಸಿಕೊಂಡಿದ್ದ. ಇಸ್ತ್ರಿ ಅಂಗಿ ಹಾಕಿ ಮಫ್ಲರು ಹೊರತೆಗೆದಿದ್ದ. ಅದಕ್ಕೆ ನುಸಿಗುಳಿಗೆಯ ವಾಸನೆ. "ಎರಡೂವರೆಗೆ ಮೂರನೇ ಗೇಟಿನ ಹತ್ರ ನಿಂತಿರು, ಪಾಸು ತಂದ್ಕೊಡ್ತೀನಿ" ಎಂದು ಹೇಳಿ ಅವಳು ಹೊರಟಿದ್ದಳು.

ಕುರ್ಚಿ ಒರೆಸಿ ಮುಗಿಯುವಾಗ ಎರಡೂಕಾಲು ದಾಟಿತ್ತು. ಸೂಪರ್‌ವೈಸರ್ ಕೋಣೆಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಿಂದ ಒಂದೊಂದೇ ಟೋಪಿ ತೆಗೆದು ಹಂಚಿದ. ಹಸಿರು ಬಟ್ಟೆಯ ಟೋಪಿ, ಮುಂದೆ ಒಂದು ಪೇಂಟ್ ಕಂಪನಿಯ ಹೆಸರು.

"ಪಾಸು ಸಾರ್?" ಎಂದಳು ರೇಡಿಯಕ್ಕ.

"ಈ ಸಲ ಬೇಡಿಕೆ ಜಾಸ್ತಿ ಬಂದ್ಬಿಡ್ತು. ಪಾಸೆಲ್ಲ ಪ್ರಾಯೋಜಕರ ಕಡೆಯೋರಿಗೆ ಹೋಯ್ತು. ಟೋಪಿ ಇದೆಯಲ್ಲ."

"ರಜೆ ಹಾಕ್ದೇ ಬಂದಿದೀನಿ ಸಾರ್. ಅಕ್ಕನ ಮಣ್ಣಿನಿಂದ ಎದ್ದು ಬಂದಿದೀನಿ."

"ಅದಕ್ಕೇ ಟೋಪಿ. ರಜೆ ಹಾಕ್ದೋರಿಗೆ ಅದೂ ಇಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಮೈ ಉರಿಸುವಂಥದ್ದು. ನಿಜಕ್ಕೂ ಟೋಪಿ ಕೊಟ್ಟು ಲೆಕ್ಕ ಚುಕ್ತಾ ಆಯಿತೆಂದುಕೊಂಡಿದ್ದ.

"ನಮ್ಮಪ್ಪ ಗೇಟಲ್ಲಿ ನಿಂತಿದಾರೆ ಸಾರ್. ಕಾಲು ನೆಟ್ಟಗಿಲ್ಲ ಅವ್ರಿಗೆ. ಇಲ್ಲ ಅಂತ ಒಂದು ಮಾತು ಹೇಳಿ ಬರ್ತೀನಿ. ಎರಡು ನಿಮಿಷ."

"ನಿನ್ನ ಎರಡು ನಿಮಿಷ ನೋಡಿದೀನಿ ನಾನು. ಹೋದ್ ವರ್ಷ ಹಿಂಗೇ ಹೋದೋಳಲ್ವಾ ನೀನು?"

"ಫೋನಾದ್ರೂ ಕೊಡಿ, ಪಕ್ಕದ್ಮನೆ ಹುಡುಗನ್ನ ಗೇಟಿಗೆ ಕಳ್ಸಿ ಹೇಳಿಸ್ತೀನಿ..."

ಫೋನುಗಳನ್ನು ಬೆಳಗ್ಗೆಯೇ ಕಿತ್ತುಕೊಂಡು ಆಫೀಸಿನಲ್ಲಿಡುತ್ತಿದ್ದರು. ಅವನು ಬಾಗಿಲು ಎಳೆದುಕೊಂಡ. ಬೀಗ ಬಿತ್ತು. ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು.

ರೇಡಿಯಕ್ಕ ಬಕೆಟ್ಟಿನ ಮೇಲೆ ಕೂತಳು. ಟೋಪಿ ಮಡಿಲಲ್ಲಿತ್ತು. ಮೂರನೇ ಗೇಟು ಅಲ್ಲಿಂದ ಇನ್ನೂರು ಹೆಜ್ಜೆಯೂ ಇಲ್ಲ. ಅಪ್ಪ ಅಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾನೆ. ಬರುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತಿದ್ದಾನೆ. ಬರ್ತಾಳೆ, ಕೆಲಸ ಮುಗಿದಿಲ್ಲವೇನೋ ಎಂದು ಕಾವಲಿನವನಿಗೆ ಹೇಳುತ್ತಿದ್ದಾನೆ. ಕಾವಲಿನವನು ಪಕ್ಕಕ್ಕೆ ನಿಲ್ಲಜ್ಜ ಎನ್ನುತ್ತಿದ್ದಾನೆ. ಇದನ್ನೆಲ್ಲ ಕೇಳಲು ಅವಳಿಗೆ ಕಿವಿ ಬೇಕಿರಲಿಲ್ಲ.

"ಏನಾಯ್ತು, ಹೇಳಕ್ಕ" ಎಂದಳು ಹೊಸಬಳು, ಚಾವಣಿ ತೋರಿಸಿ.

"ಕೇಳಿಸ್ತಿಲ್ಲ."

"ಅಷ್ಟೊಂದು ಸದ್ದು ಬರ್ತಿದೆ..."

"ಕೇಳಿಸ್ತಿಲ್ಲ ಅಂದ್ನಲ್ಲ!"

ಮೆಣಸಿನಕಾಯಿ ತನ್ನ ಬಕೆಟ್ಟನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತಳು. ಮೇಲೆ ಕುರ್ಚಿಗಳು ಕರಕರ ಎನ್ನುತ್ತಿದ್ದವು.

ಅರ್ಧ ಗಂಟೆಗೆ ಹೊಸಬಳು ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು. ಮುಖ ಬಿಳಿಚಿತ್ತು. ಅವಳಿಗೆ ಸಕ್ಕರೆ ಕಾಯಿಲೆ. "ತಡ್ಕೊಳ್ಳಕ್ಕಾಗ್ತಿಲ್ಲಕ್ಕ" ಎಂದಳು. ಮೆಣಸಿನಕಾಯಿ ಹೋಗಿ ಬಾಗಿಲು ಬಡಿದಳು. ಬಡಿದಳು, ಒದ್ದಳು. ಬಹಳ ಹೊತ್ತಿನ ಮೇಲೆ ಕಾವಲಿನವನ ದನಿ ಬಂತು.

"ಕೀ ನನ್ನ ಹತ್ರ ಇಲ್ಲ."

"ಇರೋನ್ನ ಕರಿಯಯ್ಯಾ!"

"ಆಟ ನೋಡ್ತಿದಾರೆ. ಮುಗೀಲಿ."

ಹೊಸಬಳು ಎರಡೂ ಕೈಯಿಂದ ಸೀರೆ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು. ರೇಡಿಯಕ್ಕ ಎದ್ದು ಒಂದು ಬಕೆಟ್ಟನ್ನು ತಳ್ಳುಗಾಡಿಯ ಹಿಂದಕ್ಕೆ ಒಯ್ದಿಟ್ಟಳು. ಉಳಿದವರು ಬೆನ್ನು ತಿರುಗಿಸಿ, ನೆಲ ಒರೆಸುವ ಬಟ್ಟೆ ಬಿಡಿಸಿ ಹಿಡಿದು ಸಾಲಾಗಿ ನಿಂತರು. ಐವರು ಹೆಂಗಸರು, ನಾಲ್ಕು ಹರಕು ಬಟ್ಟೆ. ಅದರ ಹಿಂದೆ ನಲವತ್ತು ವರ್ಷದ ಒಬ್ಬಳು ಬಕೆಟ್ಟಿನ ಮೇಲೆ ಕುಕ್ಕರುಗಾಲಲ್ಲಿ. ಅದೇ ಗಳಿಗೆಗೆ ಮೇಲೆ ಸಾವಿರಾರು ಜನ ಹೋ ಎಂದು ಕಿರುಚಿದರು. ಗೋಡೆ ನಡುಗಿತು. ಹೊಸಬಳು ಬಟ್ಟೆ ಸರಿಮಾಡಿಕೊಂಡು ಈಚೆಗೆ ಬಂದವಳು ಗೋಡೆಗೆ ಮುಖ ಒತ್ತಿ ಅತ್ತಳು.

"ನನ್ನ ನೋಡಿ ಕೂಗಿದ ಹಂಗಾಯ್ತು ಕಣಕ್ಕ" ಎಂದಳು. "ಅಷ್ಟೂ ಜನ ನನ್ನೇ ನೋಡಿ ನಕ್ಕ ಹಂಗಾಯ್ತು."

ರೇಡಿಯಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೀಗ ಬಂದದ್ದು ನನ್ನಿಂದ ಎಂಬ ಮಾತು ಒಂದು ವರ್ಷದಿಂದ ಅವಳ ಎದೆಯಲ್ಲಿ ಮುಳ್ಳಾಗಿತ್ತು. ಈಗ ಅದು ಇರಲಿಲ್ಲ. ಮೂರು ನಿಮಿಷ ಆಟ ನೋಡಿದ್ದು ಕಳ್ಳತನವಾಗಿದ್ದರೆ ಇದೇನು? ಅಕ್ಕನ ಮಣ್ಣು, ಅಪ್ಪನ ಕಾಲು, ಈ ಹೆಂಗಸಿನ ಮಾನ, ಇದನ್ನೆಲ್ಲ ಕಿಸೆಗೆ ಹಾಕಿಕೊಂಡು ಟೋಪಿ ಕೊಟ್ಟವನಿಗೆ ಏನೆನ್ನಬೇಕು? ಆ ಮಾತನ್ನು ಅವನ ಬಾಯಿಂದ ಹೇಳಿಸುವವರು ಯಾರೂ ಇರಲಿಲ್ಲ.

ಅವಳು ಬಾಗಿಲ ಹತ್ತಿರ ಹೋದಳು. ಕಬ್ಬಿಣದ ಬಾಗಿಲು. ಹಿಂದೊಂದು ಕಾಲಕ್ಕೆ ಅದು ಆಟಗಾರರ ಸಾಮಾನು ಇಡುವ ಕೋಣೆ. ಬಾಗಿಲಿನ ಒಳಮೈಗೆ ಒಂದು ದಪ್ಪ ಅಗುಳಿ ಇತ್ತು. ಅದನ್ನು ಯಾರೂ ಎಳೆದದ್ದಿಲ್ಲ. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಅದು ಬಾಗಿಲಿಗೇ ಅಂಟಿ ಹೋಗಿತ್ತು, ಕೆಳಗೆ ತುಕ್ಕು. ಅವಳು ಸೊಂಟದಿಂದ ಗಮ್ ಕೆರೆಯುವ ಉಳಿ ತೆಗೆದಳು. ಬಣ್ಣದ ಅಂಚಿಗೆ ಇಟ್ಟು ಒತ್ತಿದಳು. ಒಂದು ಚಕ್ಕೆ ಹಾರಿತು.

"ಏನ್ಮಾಡ್ತಿದೀಯೇ?" ಎಂದಳು ಮೆಣಸಿನಕಾಯಿ.

"ಅವ್ರು ಹೊರಗಿಂದ ಹಾಕ್ಕೊಂಡ್ರು. ನಾವು ಒಳಗಿಂದ ಹಾಕ್ಕೊಳ್ಳೋಣ."

"ತಲೆ ಕೆಟ್ಟಿದೆಯಾ? ಕೆಲಸ ಹೋಗ್ತದೆ."

"ಹ್ಞೂ."

"ನನ್ ಮನೆ ಬಾಡಿಗೆ ನಿಮ್ಮಪ್ಪ ಕಟ್ತಾನಾ?"

"ಬೇಡ ಅಂದ್ರೆ ಆಗ ಬಂದು ತೆಗಿ. ನಾನು ಅಡ್ಡ ಬರಲ್ಲ."

ಅವಳು ಕೆರೆಯುತ್ತಾ ಹೋದಳು. ಹಸಿರು ಬಣ್ಣ ಹೋಗಿ ನೀಲಿ ಬಂತು. ನೀಲಿ ಹೋಗಿ ಬೂದು. ಹೆಬ್ಬೆರಳು ನೋಯಿತು, ಆಮೇಲೆ ನೋವೂ ತಿಳಿಯದಾಯಿತು. ಬೆವರು ಕಣ್ಣಿಗಿಳಿಯಿತು. ಹೊಸಬಳು ತಳ್ಳುಗಾಡಿಯ ಚಕ್ರಕ್ಕೆ ಬಿಡುವ ಎಣ್ಣೆಯ ಬಾಟಲಿ ತಂದು ಅಗುಳಿಯ ಸಂದಿಗೆ ಬಿಟ್ಟಳು. ಇನ್ನೊಬ್ಬಳು ತನ್ನ ಉಳಿ ತೆಗೆದುಕೊಂಡು ಕೆಳಗಿನಿಂದ ಕೆರೆಯತೊಡಗಿದಳು. ಮೇಲೆ ಆಟ ನಡೆದಿತ್ತು. ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಐದು ಗಂಟೆಗೆ ಕೊನೆಯ ಸೀಟಿ ಬಿದ್ದಾಗ ಅಗುಳಿ ಒಂದು ಬೆರಳಿನಷ್ಟು ಅಲುಗಿತು. ಮೇಲೆ ಜನ ಎದ್ದು ಹೊರಗೆ ನಡೆಯುವಾಗ ರೇಡಿಯಕ್ಕ ಅದರ ಹಿಡಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಕಾಲು ಗೋಡೆಗೆ ಕೊಟ್ಟು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಅಗುಳಿ ಕಿರ್ರೆಂದು ಗೋಡೆಯ ತೂತಿಗೆ ಹೊಕ್ಕಿತು.

ಹೊರಗೆ ಬೀಗ ತೆಗೆದ ಸದ್ದು. ಬಾಗಿಲು ಅಲ್ಲಾಡಿತು, ತೆರೆಯಲಿಲ್ಲ.

"ಏನಾಗಿದೆ ಇದಕ್ಕೆ?" ಸೂಪರ್‌ವೈಸರ್ ಭುಜ ಕೊಟ್ಟು ದಬ್ಬಿದ. "ಏ, ಒಳಗಿಂದ ಎಳೀರಮ್ಮ. ಸಿಕ್ಕಾಕ್ಕೊಂಡಿದೆ."

"ಸಿಕ್ಕಾಕ್ಕೊಂಡಿಲ್ಲ ಸಾರ್" ಎಂದಳು ರೇಡಿಯಕ್ಕ. "ಹಾಕ್ಕೊಂಡಿದೀವಿ."

ಅವನು ಇನ್ನೊಮ್ಮೆ ದಬ್ಬಿ ನೋಡಿದ.

"ತಮಾಷೆ ಮಾಡ್ತೀರಾ? ಏಳಕ್ಕೆ ಔತಣ ಇದೆ! ಗ್ಯಾಲರಿ ತುಂಬ ಕಸ ಬಿದ್ದಿದೆ!"

"ಬಿದ್ದಿರ್ಲಿ."

"ಏನ್ ಬೇಕು ನಿಮ್ಗೆ? ಪಾಸಾ? ಆಟಾನೇ ಮುಗೀತಲ್ಲ, ಪಾಸಿಟ್ಕೊಂಡು ಏನ್ ಮಾಡ್ತೀಯಾ?"

"ಅದೇ ಸಾರ್. ಆಟ ಮುಗೀತು. ನಮ್ಗೂ ಮುಗೀತು."

ಅವನು ಬೈದ. ಬಾಯಿಗೆ ಬಂದದ್ದೆಲ್ಲ ಬೈದ. ಆರೂ ಜನಕ್ಕೆ ನಾಳೆಯಿಂದ ಕೆಲಸ ಇಲ್ಲ ಎಂದ. ಈ ತಿಂಗಳ ಕೂಲಿ ಮರೆತುಬಿಡಿ ಎಂದ. ಆಮೇಲೆ ದನಿ ಮೆತ್ತಗೆ ಮಾಡಿದ. "ಈಗ್ಲೇ ತೆಗೆದೋರಿಗೆ ಏನೂ ಮಾಡಲ್ಲ. ಒಬ್ಬಳು ಮಾತ್ರ ಇದಕ್ಕೆಲ್ಲ ಕಾರಣ, ಯಾರು ಅಂತ ನನಗೆ ಗೊತ್ತು. ಉಳಿದೋರು ಜಾಣರಾಗಿ."

ಮೆಣಸಿನಕಾಯಿ ಎದ್ದಳು. ಅವಳ ಮನೆಯಲ್ಲಿ ಐದು ಬಾಯಿ, ದುಡಿಯುವ ಕೈ ಎರಡೇ, ಅವೆರಡೂ ಅವಳವೇ. ಅವಳು ಬಾಗಿಲ ತನಕ ನಡೆದಳು. ಅಗುಳಿಯ ಮೇಲೆ ಕೈಯಿಟ್ಟಳು. ರೇಡಿಯಕ್ಕ ಪಕ್ಕಕ್ಕೆ ಸರಿದಳು. ಕೊಟ್ಟ ಮಾತಿನ ಹಾಗೆ ಅಡ್ಡ ಬರಲಿಲ್ಲ.

ಮೆಣಸಿನಕಾಯಿ ಕಣ್ಣು ಆ ಮೂಲೆಯ ಬಕೆಟ್ಟಿನ ಮೇಲೆ ಬಿತ್ತು. ಮೇಲೊಂದು ಹರಕು ಬಟ್ಟೆ ಮುಚ್ಚಿಟ್ಟಿದ್ದರು.

"ಸಾರ್" ಎಂದಳು. "ಬಕೆಟ್ಟಲ್ಲಿ ಉಚ್ಚೆ ಹೊಯ್ಸಿದ್ರಿ ನೀವು ನಮ್ ಕೈಲಿ. ಆ ಬಕೆಟ್ಟು ಯಾರು ಚೆಲ್ತಾರೆ ಮೊದ್ಲು ಹೇಳಿ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಧೊಪ್ಪನೆ ಕೂತಳು.

"ಬಾಡಿಗೆ ಮಾತ್ರ ನಿಮ್ಮಪ್ಪನೇ ಕಟ್ಬೇಕು, ನೋಡ್ಕೋ" ಎಂದು ರೇಡಿಯಕ್ಕನ ಕಡೆ ನೋಡಿದಳು. ಎಲ್ಲರಿಗೂ ಹೆದರಿಕೆಯಿತ್ತು. ಹೊರಗೆ ಹೋದರೂ ಗೋಡೆ, ಒಳಗಿದ್ದರೂ ಗೋಡೆ. ಆದರೆ ಈ ಬಾಗಿಲಿಗೆ ಅಗುಳಿ ಹಾಕಿದವರು ತಾವು.

ಮೇಲೆ ಗ್ಯಾಲರಿ ಖಾಲಿಯಾಗಿತ್ತು. ಇಷ್ಟು ಸದ್ದಿಲ್ಲದ ಚಾವಣಿಯನ್ನು ಅವರು ಯಾವತ್ತೂ ಕೇಳಿರಲಿಲ್ಲ. ಈ ಹೊತ್ತಿಗೆ ಯಾವಾಗಲೂ ಅಲ್ಲಿ ಅವರದೇ ಕಾಲು, ಅವರದೇ ಪೊರಕೆ ಓಡಾಡುತ್ತಿದ್ದವು.

ಆಗ ಸದ್ದು ಬಂತು. ಒಂದು ಕಾಲು ಗಟ್ಟಿಯಾಗಿ ಊರಿತು. ಇನ್ನೊಂದು ಅದರ ಹಿಂದೆ ಎಳೆದುಕೊಂಡು ಬಂತು. ನಿಂತಿತು. ಮತ್ತೆ ಊರಿತು, ಎಳೆಯಿತು. ಒಂದು ಮೆಟ್ಟಿಲು. ಇನ್ನೊಂದು ಮೆಟ್ಟಿಲು.

ರೇಡಿಯಕ್ಕ ತಲೆ ಮೇಲೆತ್ತಿದಳು.

ಕಾಲುಗಳು ಅವಳ ನೆತ್ತಿಯ ಮೇಲೆ ಹಾದು ಏಳನೇ ಕಂಬದ ಹತ್ತಿರ ನಿಂತವು. ಕುರ್ಚಿಯೊಂದು ಕಿರುಗುಟ್ಟಿತು. ಆಟ ಮುಗಿದ ಮೇಲೆ ಗೇಟುಗಳು ಹಾರು ಹೊಡೆದಿರುತ್ತವೆ. ಹೊರಗೆ ಬರುವ ಜನರ ನಡುವೆ ಒಳಗೆ ಹೋಗುವ ಒಬ್ಬ ಮುದುಕನನ್ನು ಟಿಕೆಟ್ ಕೇಳುವವರಿರುವುದಿಲ್ಲ. ಅವಳು ಕಿವಿ ಇಟ್ಟು ಕೇಳಿದಳು.

ಧಡ್. ಧಡ್. ಆಮೇಲೆ ಒಂದು ತೆರಪು. ಚಪ್ಪಾಳೆ ಕಾಂಕ್ರೀಟು ದಾಟಿ ಬರುವುದಿಲ್ಲ. ಮತ್ತೆ ಧಡ್. ಧಡ್.

ಹೊರಗೆ ಸೂಪರ್‌ವೈಸರನ ವಾಕಿಟಾಕಿಯಲ್ಲಿ ಗೇಟಿನ ಕಾವಲಿನವನ ದನಿ ಕರಕರ ಎಂದಿತು. "ಸಾರ್, ಆ ಮಫ್ಲರ್ ಮುದುಕ, ಆಗ್ಲಿಂದ ಗೇಟಲ್ಲಿ ನಿಂತಿದ್ನಲ್ಲ, ಒಳಗೆ ಬಂದು ಕೂತ್ಬಿಟ್ಟಿದಾನೆ. ಏಳು ಅಂದ್ರೆ ಏಳ್ತಿಲ್ಲ. ಮಗಳು ಪಾಸು ತರ್ತಾಳೆ, ಬರೋವರ್ಗೂ ಏಳಲ್ಲ ಅಂತಾನೆ."

"ಎಳ್ದು ಹಾಕೋ!"

"ಟಿವಿಯೋರು ಬಂದ್ಬಿಟ್ಟಿದಾರೆ ಸಾರ್. ನೋಡ್ತಿದಾರೆ."

ರೇಡಿಯಕ್ಕ ಉಳಿಯನ್ನು ತಿರುವಿ ಹಿಡಿದಳು. ಏಳನೇ ಕಂಬ ಚಾವಣಿಯಿಂದ ನೆಲದ ತನಕ ಅವರ ಕೋಣೆಯ ನಡುವೆಯೇ ಇಳಿದಿತ್ತು. ಅದರ ಹತ್ತಿರ ಹೋಗಿ ಹಿಡಿಯಿಂದ ಎರಡು ಸಲ ಬಡಿದಳು. ಮೇಲಿನ ಕಾಲು ತಟ್ಟನೆ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಬಡಿಯಿತು. ಸುಣ್ಣದ ಪುಡಿ ಒಂದಿಷ್ಟು ಅವಳ ಕೂದಲ ಮೇಲೆ ಉದುರಿತು. ಅವಳು ಕೊಡವಿಕೊಳ್ಳಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ.

"ಏನಾಗ್ತಿದೆಯಕ್ಕ ಮೇಲೆ?" ಎಂದಳು ಹೊಸಬಳು. "ಈಗಾದ್ರೂ ಹೇಳು."

"ನಮ್ಮಪ್ಪ ಬಂದ" ಎಂದಳು ರೇಡಿಯಕ್ಕ. "ಅವನ ಜಾಗದಲ್ಲಿ ಕೂತ. ಏಳಲ್ವಂತೆ."

ಬಾಗಿಲ ಮೇಲೆ ಮತ್ತೆ ಗುದ್ದು ಬಿತ್ತು. ಮೆಣಸಿನಕಾಯಿ ಬೆನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

"ಎಷ್ಟು ಹೊತ್ತು ಕೂತಿರ್ತಾನೇ?"

"ನಲವತ್ತು ವರ್ಷ ನಿಂತೋನು ಕಣೇ" ಎಂದಳು ರೇಡಿಯಕ್ಕ. "ಕೂತ್ಕೊಳ್ಳೋಕೆ ಏನು ಕಷ್ಟ ಅವ್ನಿಗೆ?"